ಪಿ, ಎ, ಪೌಂಡ್, ಎ... ಅಂದ್ರೆ ಕನ್ನಡ!

ಕಳೆದ ದೀಪಾವಳಿಗೆ ಊರಿಗೆ ಹೋದಾಗ ನನ್ನ ಬ್ಯಾಗಿನಲ್ಲಿ ಬಟ್ಟೆಗಿಂತ ಪುಸ್ತಕದ ತೂಕವೇ ಹೆಚ್ಚಿತ್ತು. ನಮ್ಮ ಕಾಲೇಜಿನ ಕನ್ನಡ ಸಂಘದ ವಾರ್ಷಿಕ ಸಂಚಿಕೆಯ ಐದು ಪ್ರತಿಗಳು. ಹುಬ್ಬಳ್ಳಿಯಲ್ಲಿ ಬಿ.ಇ. ಐದನೇ ಸೆಮಿಸ್ಟರ್ ಓದುತ್ತಿರುವ ನನಗೆ ಕೋಡಿಂಗ್‌ಗಿಂತ ಈ ಸಂಚಿಕೆಯ ಹುಚ್ಚೇ ಜಾಸ್ತಿ. ಸಂಪಾದಕೀಯ ನನ್ನದು, ಒಂದು ಕವನ ನನ್ನದು, ಪುಟ ವಿನ್ಯಾಸವೂ ನನ್ನದೇ. ಅವ್ವ ಓಣಿಗೆಲ್ಲ ತೋರಿಸಿ ಬಂದಳು. ಅಪ್ಪ ಕವನದ ಪುಟ ಬಿಟ್ಟು ಜಾಹೀರಾತುಗಳನ್ನು ಓದಿದರು. ತಮ್ಮನಿಗೆ ಮಾತ್ರ ಅಚ್ಚಿನ ಪ್ರತಿ ಕೊಟ್ಟರೆ ಉಪಯೋಗವಿಲ್ಲವೆಂದು ವಾರ ಮೊದಲೇ ವಾಟ್ಸ್‌ಆ್ಯಪ್‌ನಲ್ಲಿ ಪಿಡಿಎಫ್ ಕಳಿಸಿದ್ದೆ. ಅಷ್ಟು ಯೋಚನೆ ಮಾಡಿದ್ದಕ್ಕೆ ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೆ.

‘ಓದಿದ್ಯೇನೋ?’ ಅಂದೆ.

‘ಅಕ್ಕಾ, ಅದು ಯಾವ ಭಾಷಾದಾಗ ಐತಿ?’ ಅಂದ.

ಚೇಷ್ಟೆ ಅಂದುಕೊಂಡೆ. ಅವನು ಫೋನ್ ತೆಗೆದು ನನ್ನ ಪಿಡಿಎಫ್ ಮೇಲೆ ಬೆರಳು ಎಳೆದ. ಸ್ಕ್ರೀನ್ ಮೇಲಿರುವುದನ್ನೆಲ್ಲ ಓದಿ ಹೇಳುವ ‘ಟಾಕ್‌ಬ್ಯಾಕ್’ ಅವನ ಫೋನಿನಲ್ಲಿ ಸದಾ ಆನ್ ಇರುತ್ತದೆ. ವಾಟ್ಸ್‌ಆ್ಯಪ್ ಮೆಸೇಜನ್ನು ಚೆಂದದ ಕನ್ನಡದಲ್ಲಿ ಓದುವ ಅದೇ ದನಿ ನನ್ನ ಸಂಪಾದಕೀಯವನ್ನು ಜ್ವರ ಬಂದವರ ಹಾಗೆ ಅರೆಬರೆ ಇಂಗ್ಲಿಷಿನಲ್ಲಿ ಬಡಬಡಿಸತೊಡಗಿತು. ಒಂದೊಂದೇ ಅಕ್ಷರ ಬಿಡಿಸಿ ಓದಿಸಿದಾಗ ಸ್ಪಷ್ಟವಾಯಿತು: ಪಿ, ಎ, ಪೌಂಡ್, ಎ... ನಾನು ‘ಕನ್ನಡ’ ಎಂದು ಬರೆದಿದ್ದ ಜಾಗ ಅದು!

ತಮ್ಮ ಎಂದರೆ ನಮ್ಮ ಕಾಕಾನ ಮಗ. ಬಿ.ಎ. ಮೊದಲ ವರ್ಷ. ಅವನಿಗಿರುವುದು ರೆಟಿನೈಟಿಸ್ ಪಿಗ್ಮೆಂಟೋಸಾ. ಮೊದಲು ಇರುಳುಗಣ್ಣು, ಆಮೇಲೆ ಅಕ್ಕಪಕ್ಕದ್ದು ಕಾಣದಾಗುವುದು, ಹೀಗೆ ಅಂಚಿನಿಂದ ಒಳಗೆ ಕತ್ತಲೆ ತುಂಬುತ್ತ ಬರುವ ಕಾಯಿಲೆ. ಐದನೇ ಇಯತ್ತೆಯಲ್ಲಿ ಸಂಜೆ ಕ್ರಿಕೆಟ್ ಆಡುವಾಗ ಕ್ಯಾಚ್ ಬಿಡುತ್ತಿದ್ದನೆಂದು ನಾವೆಲ್ಲ ಬೈಯುತ್ತಿದ್ದೆವು. ಎಂಟನೆಯದಕ್ಕೆ ಬರುವಷ್ಟರಲ್ಲಿ ಪುಸ್ತಕದ ಅಕ್ಷರ ಕಾಣದಾದವು.

ನಮ್ಮ ಊರು ಗದಗ. ಮುದ್ರಣಾಲಯಗಳಿಗೆ ಹೆಸರಾದ ಊರು. ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಬಾಳಿದ ಊರೂ ಹೌದು. ಹಾಗಾಗಿ ನಮ್ಮಲ್ಲಿ ಕಣ್ಣು ಕಾಣದ ಹುಡುಗನನ್ನು ಕಂಡರೆ ಜನಕ್ಕೆ ಮರುಕಕ್ಕಿಂತ ಮೊದಲು ಹಾರ್ಮೋನಿಯಂ ನೆನಪಾಗುತ್ತದೆ. ‘ಆಶ್ರಮಕ್ಕ ಕಳಿಸ್ರಿ, ಸಂಗೀತ ಕಲೀಲಿ’ ಎಂದು ಕಾಕಾನಿಗೆ ಹೇಳದವರಿಲ್ಲ. ಒಳ್ಳೆಯ ಮಾತೇ. ಆದರೆ ನಮ್ಮ ತಮ್ಮ ಹಾಡಿದರೆ ಬೀದಿ ನಾಯಿಗಳೂ ಎದ್ದು ಹೋಗುತ್ತವೆ. ಅವನಿಗೆ ಬೇಕಿರುವುದು ಇತಿಹಾಸ. ಕೆಎಎಸ್ ಬರೆಯಬೇಕು ಅನ್ನುತ್ತಾನೆ. ಬ್ರೈಲ್ ಕಲಿಸಲಿಲ್ಲವೇ ಎಂದು ಎಲ್ಲರೂ ಕೇಳುತ್ತಾರೆ. ಆರು ಚುಕ್ಕಿಗಳ ಅಕ್ಷರಗಳನ್ನು ಅವನು ಕಲಿತಿದ್ದಾನೆ. ಆದರೆ ತಡವಾಗಿ ಕಲಿತಿದ್ದರಿಂದ ವೇಗ ಸಾಲದು. ಸಾಲದ್ದಕ್ಕೆ ಒಂದು ಪಠ್ಯಪುಸ್ತಕ ಬ್ರೈಲ್‌ಗೆ ಬಂದರೆ ನಾಲ್ಕಾರು ದಪ್ಪ ಸಂಪುಟಗಳಾಗುತ್ತವೆ. ಅವನು ಓದುವುದು ಕಿವಿಯಿಂದ.

ನನ್ನ ಪಿಡಿಎಫ್‌ಗೆ ಏನಾಗಿತ್ತು? ಇದನ್ನು ಅರಿಯಲು ಕಂಪ್ಯೂಟರ್ ಸೈನ್ಸ್ ಓದುವ ನನಗೇ ಎರಡು ದಿನ ಬೇಕಾಯಿತು. ಕಂಪ್ಯೂಟರಿಗೆ ಕನ್ನಡ ಗೊತ್ತಿಲ್ಲದ ಕಾಲದಲ್ಲಿ ನಮ್ಮವರು ಒಂದು ಜಾಣ ಉಪಾಯ ಹುಡುಕಿದ್ದರು. ಇಂಗ್ಲಿಷಿನ ‘ಪಿ’ ಇರಬೇಕಾದ ಮನೆಯಲ್ಲಿ ತಲೆಕಟ್ಟಿಲ್ಲದ ‘ಕ’ದ ಚಿತ್ರ ಕೂರಿಸುವುದು. ನೆತ್ತಿಯ ಮೇಲೆ ಓರೆಗೆರೆ ಇರುವ ‘ಎ’ ಜಾಗದಲ್ಲಿ ತಲೆಕಟ್ಟು. ಇಂಗ್ಲೆಂಡಿನ ಪೌಂಡ್ ಚಿಹ್ನೆಯ ಜಾಗದಲ್ಲಿ ‘ನ’. ಕಣ್ಣಿಗೆ ಕಾಣುವುದು ‘ಕನ್ನಡ’. ಒಳಗಿರುವುದು ಪಿ, ಎ, ಪೌಂಡ್, ಎ... ನುಡಿ, ಬರಹ ಮುಂತಾದವುಗಳ ಹಳೆಯ ಫಾಂಟ್‌ಗಳೆಲ್ಲ ಹೀಗೆಯೇ ಕೆಲಸ ಮಾಡುತ್ತಿದ್ದವು. ಅವು ಇಲ್ಲದಿದ್ದರೆ ಕನ್ನಡದ ಡಿಟಿಪಿಯೇ ಇರುತ್ತಿರಲಿಲ್ಲ, ಆ ಋಣ ದೊಡ್ಡದು. ಆದರೆ 1991ರಲ್ಲೇ ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ಸ್ವಂತ ಮನೆ ಸಿಕ್ಕಿತು. ಈಗ ‘ನುಡಿ’ಯಲ್ಲೂ ಯೂನಿಕೋಡ್‌ನಲ್ಲೇ ಟೈಪ್ ಮಾಡಬಹುದು. ಆದರೂ ಪುಸ್ತಕ ಪುಟ ಕಟ್ಟುವಾಗ ಹಳೆಯ ಪೇಜ್‌ಮೇಕರ್, ಹಳೆಯ ಫಾಂಟು ಇನ್ನೂ ಬಿಟ್ಟಿಲ್ಲ. ನಾನೂ ಬಿಟ್ಟಿರಲಿಲ್ಲ. ‘ಅಕ್ಷರ ದುಂಡಗೆ ಬರ್ತಾವ’ ಎಂದು ಡಿಟಿಪಿ ಅಣ್ಣ ಹೇಳಿದ್ದೇ ಸಾಕಾಗಿತ್ತು.

ಸಂಚಿಕೆ ಹೋಗಲಿ, ಅದನ್ನು ಓದದಿದ್ದರೆ ಯಾರ ವರ್ಷವೂ ಹಾಳಾಗುವುದಿಲ್ಲ. ಪಠ್ಯದ ಕಥೆ ಕೇಳಿದೆ. ಮೇಷ್ಟ್ರು ಗ್ರೂಪಿಗೆ ಹಾಕಿದ್ದ ನೋಟ್ಸ್ ಪಿಡಿಎಫ್‌ಗಳು ಹನ್ನೊಂದು ಇದ್ದವು. ಏಳರಲ್ಲಿ ನನ್ನ ಸಂಚಿಕೆಯದ್ದೇ ಕಾಯಿಲೆ. ಮೂರು, ಫೋನಿನಲ್ಲಿ ಹೊಡೆದ ಫೋಟೊಗಳು. ಫೋನಿಗೆ ಅವು ಬರೀ ‘ಇಮೇಜ್’. ಕಾಗದದ ಮೇಲೆ ಬಿದ್ದ ಮೇಷ್ಟ್ರ ಹೆಬ್ಬೆರಳೂ ಇಮೇಜ್, ವಿಜಯನಗರ ಸಾಮ್ರಾಜ್ಯವೂ ಇಮೇಜ್. ಒಂದೇ ಒಂದು ಪಿಡಿಎಫ್ ಮಾತ್ರ ಮಾತಾಡಿತು.

ಹಾಗಾದರೆ ಇಷ್ಟು ದಿನ ಹೇಗೆ ಓದಿದ? ಕಾಕಿ ಓದಿ ಹೇಳುತ್ತಿದ್ದಳು. ಏಳನೇ ಇಯತ್ತೆ ಮುಗಿಸಿದ ಕಾಕಿ, ರೊಟ್ಟಿ ಬಡಿದು ಮುಸುರೆ ತಿಕ್ಕಿ ಬಂದು ರಾತ್ರಿ ಒಂಬತ್ತಕ್ಕೆ ‘ಸಾಮ್ರಾಜ್ಯಶಾಹಿ’ ಎಂಬ ಪದವನ್ನು ಮೂರು ತುಂಡು ಮಾಡಿ ಓದುತ್ತಿದ್ದಳು. ಹತ್ತಕ್ಕೆಲ್ಲ ತೂಕಡಿಕೆ. ಗೆಳೆಯರು ಪರೀಕ್ಷೆ ಹತ್ತಿರವಾದಾಗ ವಾಯ್ಸ್ ಮೆಸೇಜ್ ಕಳಿಸುತ್ತಿದ್ದರು. ಅದೂ ‘ಇಂಪಾರ್ಟೆಂಟ್’ ಇದ್ದದ್ದು ಮಾತ್ರ. ‘ಓದಾಕ ಬರ್ತೈತಿ ಅಕ್ಕಾ. ಆದರ ಯಾರರ ಖಾಲಿ ಇದ್ದಾಗ ಅಷ್ಟ’ ಅಂದ. ದೂರಿನ ಧಾಟಿಯೇ ಇರಲಿಲ್ಲ. ಬಸ್ಸಿನ ಟೈಮ್ ಹೇಳುವ ಹಾಗೆ ಹೇಳಿದ. ಅಂಗವಿಕಲರ ಪರೀಕ್ಷೆಗೆ ಕೇಂದ್ರ ಮಾರ್ಗಸೂಚಿ ಇದೆ. ಬರೆಯಲು ಸಹಾಯಕರು ಸಿಗುತ್ತಾರೆ, ತಾಸಿಗೆ 20 ನಿಮಿಷದಂತೆ ಹೆಚ್ಚು ಸಮಯ ಸಿಗುತ್ತದೆ. ಮೂರು ತಾಸಿನ ಪೇಪರಿಗೆ ಒಂದು ತಾಸು. ಸರಿಯೇ. ಆದರೆ ಪರೀಕ್ಷೆಗಿಂತ ಮುಂಚಿನ ಐದು ತಿಂಗಳು ಪುಸ್ತಕವೇ ತೆರೆಯದಿದ್ದವನು ಆ ಹೆಚ್ಚುವರಿ ತಾಸಿನಲ್ಲಿ ಏನು ಬರೆಯಬೇಕು?

ರಜೆಯಲ್ಲಿ ಮೊದಲು ಫೋಟೊಗಳಿಗೆ ಕೈ ಹಾಕಿದೆ. ಚಿತ್ರದಲ್ಲಿರುವ ಅಕ್ಷರಗಳನ್ನು ಗುರುತಿಸಿ ಪಠ್ಯವಾಗಿಸುವ ತಂತ್ರಜ್ಞಾನಕ್ಕೆ ಒಸಿಆರ್ ಎನ್ನುತ್ತಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕನ್ನಡಕ್ಕೆಂದೇ ‘ಲಿಪಿ ಜ್ಞಾನಿ’ ಎಂಬ ಒಸಿಆರ್ ರೂಪಿಸಿದ್ದಾರೆ. ನಾನು ಬಳಸಿದ್ದು ಎಲ್ಲರ ಕೈಗೆಟಕುವ ದಾರಿ. ಗೂಗಲ್ ಡ್ರೈವ್‌ಗೆ ಏರಿಸಿ, ಗೂಗಲ್ ಡಾಕ್ಸ್‌ನಲ್ಲಿ ತೆರೆಯುವುದು. ಅಷ್ಟಕ್ಕೇ ಪಠ್ಯ ಬಂತು! ನಾನು ಕುಣಿದಾಡಿ ಕಳಿಸಿಬಿಟ್ಟೆ. ಮರುದಿನ ಬೆಳಿಗ್ಗೆ ತಮ್ಮ ಬಂದು ಕೇಳಿದ: ‘ಅಕ್ಕಾ, ಟಿಪ್ಪು ಸುಲ್ತಾನ ಬಸವಣ್ಣನವರ ಕಾಲದಾಗ ಹೆಂಗ ಸತ್ತ?’

1799 ಎಂಬುದನ್ನು ಯಂತ್ರ 1199 ಎಂದು ಓದಿತ್ತು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ರಾತ್ರಿ ಮಲಗಿದಾಗ ಮಾತ್ರ ನಗು ಬರಲಿಲ್ಲ. ಟಿಪ್ಪುವಿನ ಇಸವಿ ಅವನಿಗೆ ಮೊದಲೇ ಗೊತ್ತಿತ್ತು, ಸಿಕ್ಕಿಬಿತ್ತು. ಗೊತ್ತಿಲ್ಲದ ಇಸವಿಗಳು? ಅವನ್ನು ನನ್ನ ಮಾತು ನಂಬಿ ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಹೇಳಿಬಿಡುತ್ತಿದ್ದ. ತೆರೆಯದ ಪುಸ್ತಕಕ್ಕಿಂತ ಸುಳ್ಳು ಹೇಳುವ ಪುಸ್ತಕ ಕೆಟ್ಟದ್ದು. ಅಂದಿನಿಂದ ಒಂದು ನಿಯಮ ಮಾಡಿಕೊಂಡೆವು. ಒಸಿಆರ್ ಆದ ಪ್ರತಿ ಪುಟದ ಅಂಕಿಗಳನ್ನೆಲ್ಲ ಮೂಲದ ಜೊತೆ ಕಣ್ಣಿಟ್ಟು ತಾಳೆ ನೋಡದೆ ಕಳಿಸುವಂತಿಲ್ಲ. ಬೇಸರದ ಕೆಲಸ. ಒಂದು ಪುಟಕ್ಕೆ ಹತ್ತು ನಿಮಿಷ ಹಿಡಿಯುತ್ತಿತ್ತು.

ಗೈಡ್ ಪುಸ್ತಕವೊಂದು ಉಳಿದಿತ್ತು, ಮುನ್ನೂರಕ್ಕೂ ಹೆಚ್ಚು ಪುಟ. ಅದನ್ನು ಬರೆದ ನಿವೃತ್ತ ಪ್ರಾಧ್ಯಾಪಕರಿಗೇ ಫೋನ್ ಮಾಡಿ ಸಾಫ್ಟ್ ಕಾಪಿ ಕೇಳಿದೆ. ‘ಝೆರಾಕ್ಸ್ ಅಂಗಡಿಯವರು ಆಗಲೇ ನನ್ನ ಅರ್ಧ ಅನ್ನ ತಿಂದಾರ. ಇನ್ನ ಸಾಫ್ಟ್ ಕಾಪಿ ಕೊಟ್ರ ಮುಗೀತು’ ಎಂದರು. ನಾನು ಓದಿಕೊಂಡು ಹೋಗಿದ್ದೆ. 2012ರಲ್ಲಿ ನಮ್ಮ ಹಕ್ಕುಸ್ವಾಮ್ಯ ಕಾಯ್ದೆಗೆ ತಿದ್ದುಪಡಿ ಬಂದಿದೆ. ಮುದ್ರಿತ ಪುಸ್ತಕ ಓದಲಾಗದ ಅಂಗವಿಕಲರ ಓದಿಗಾಗಿ, ಲಾಭದ ಉದ್ದೇಶವಿಲ್ಲದೆ, ಪುಸ್ತಕವನ್ನು ಅವರಿಗೆ ಒಗ್ಗುವ ರೂಪಕ್ಕೆ ತಿರುಗಿಸಿದರೆ ಅದು ಹಕ್ಕುಸ್ವಾಮ್ಯ ಉಲ್ಲಂಘನೆಯಲ್ಲ. 2013ರಲ್ಲಿ ಮೊರಾಕ್ಕೊದ ಮರಕೇಶ್ ನಗರದಲ್ಲಿ ಇದಕ್ಕೆಂದೇ ಅಂತರರಾಷ್ಟ್ರೀಯ ಒಪ್ಪಂದವಾಯಿತು. 2014ರಲ್ಲಿ ಅದನ್ನು ಜಗತ್ತಿನಲ್ಲೇ ಮೊದಲು ಅನುಮೋದಿಸಿದ ದೇಶ ಭಾರತ! ಇಷ್ಟನ್ನೂ ಒಂದೇ ಉಸಿರಿಗೆ ಹೇಳಿದೆ. ಅವರು ‘ಕಾನೂನು ಇರಲಿವಾ, ಹುಡುಗನ ಕೈಯಾಗ ಫೋನ್ ಕೊಡು’ ಅಂದರು. ಇಬ್ಬರೂ ಇಪ್ಪತ್ತು ನಿಮಿಷ ಸಹಾಯಕ ಸೈನ್ಯ ಪದ್ಧತಿಯ ಬಗ್ಗೆ ಜಗಳಾಡಿದರು. ಕೊನೆಗೆ ನನ್ನ ಕಾನೂನಿಗಿಂತ ಆ ಜಗಳವೇ ಕೆಲಸ ಮಾಡಿತು. ಡಿಟಿಪಿ ಅಂಗಡಿಯ ಪೆನ್‌ಡ್ರೈವ್‌ನಲ್ಲಿ ಇಡೀ ಪುಸ್ತಕ ಮನೆಗೆ ಬಂತು.

ಅದೂ ಹಳೆಯ ಫಾಂಟೇ. ಆದರೆ ಇದು ಫೋಟೊ ಅಲ್ಲ, ಬರೀ ವೇಷ ಹಾಕಿಕೊಂಡ ಅಕ್ಷರ. ವೇಷ ಬಿಚ್ಚಿಸಲು ಅಂತರ್ಜಾಲದಲ್ಲಿ ಉಚಿತ ಪರಿವರ್ತಕಗಳಿವೆ. ನನಗೋ ಸ್ವಂತ ಪೈಥಾನ್ ಪ್ರೋಗ್ರಾಂ ಬರೆಯುವ ಚಟ. ಯಾವ ಚಿಹ್ನೆಗೆ ಯಾವ ಅಕ್ಷರ ಎಂದು ಪಟ್ಟಿ ಮಾಡಿ ಓಡಿಸಿದೆ. ಮೊದಲ ಪುಟದ ಶೀರ್ಷಿಕೆ ಬಂತು: ‘ಕನಾರ್ಟಕದ ಇತಿಹಾಸ’. ಬೋರ್ಡುಗಳಲ್ಲಿ, ಜಾಹೀರಾತುಗಳಲ್ಲಿ ನೋಡಿ ನಕ್ಕಿದ್ದ ‘ಕನಾರ್ಟಕ’ ನನ್ನ ಕೈಯಿಂದಲೇ ಹುಟ್ಟಿತ್ತು. ಕಾರಣ ಸ್ವಾರಸ್ಯಕರ. ಅರ್ಕಾವತ್ತನ್ನು ನಾವು ಬರೆಯುವುದು ಅಕ್ಷರದ ನಂತರ, ಉಚ್ಚರಿಸುವುದು ಮೊದಲು. ಹಳೆಯ ಫಾಂಟು ಕಣ್ಣಿಗೆ ಕಾಣುವ ಕ್ರಮದಲ್ಲೇ ಇಟ್ಟಿರುತ್ತದೆ, ಯೂನಿಕೋಡ್‌ಗೆ ನಾಲಿಗೆಯ ಕ್ರಮ ಬೇಕು. ಅರ್ಕಾವತ್ತು ಕಂಡಲ್ಲೆಲ್ಲ ಒಂದು ಹೆಜ್ಜೆ ಹಿಂದಕ್ಕೆ ಹಾಕಿಸುವಷ್ಟರಲ್ಲಿ ನನ್ನ ಇಂಟರ್ನಲ್ಸ್ ಬಂದವು. ಆ ಸಲ ಒಂದು ವಿಷಯದಲ್ಲಿ ಅಂಕ ಕಡಿಮೆಯಾದದ್ದಕ್ಕೆ ಅರ್ಕಾವತ್ತೇ ಹೊಣೆ ಎಂದರೆ ಅಪ್ಪ ನಂಬಲಿಲ್ಲ.

ಪಠ್ಯ ಸರಿಯಾದ ಮೇಲೂ ತಮ್ಮ ಕೊಸರಾಡಿದ. ‘ಹುಡುಕಾಕ ಆಗವಲ್ದು’ ಅಂದ. ನನಗೆ ಅರ್ಥವಾಗಲಿಲ್ಲ. ಹಾಸ್ಟೆಲಿಗೆ ಮರಳಿ ನನ್ನ ಲ್ಯಾಪ್‌ಟಾಪಿಗೆ ಎನ್‌ವಿಡಿಎ ಹಾಕಿಕೊಂಡೆ. ಆಸ್ಟ್ರೇಲಿಯಾದ ಮೈಕೆಲ್ ಕರ್ರನ್ 2006ರಲ್ಲಿ ಆರಂಭಿಸಿ, ಜೇಮ್ಸ್ ಟೆ ಜೊತೆ ಸೇರಿ ಬೆಳೆಸಿದ ಉಚಿತ ತಂತ್ರಾಂಶ ಅದು. ಇಬ್ಬರಿಗೂ ಕಣ್ಣು ಕಾಣದು. ಸ್ಕ್ರೀನ್ ಮೇಲೆ ಟವೆಲ್ ಹೊದಿಸಿ, ಗೈಡಿನಲ್ಲಿ ‘ನಾಲ್ಕನೇ ಮೈಸೂರು ಯುದ್ಧ’ ಎಲ್ಲಿದೆ ಎಂದು ಹುಡುಕಲು ಕೂತೆ. ನಾವು ಪುಟ ತಿರುವಿ ಹಾಕುತ್ತೇವೆ. ದಪ್ಪಕ್ಷರದ ಮೇಲೆ ಕಣ್ಣೋಡಿಸುತ್ತೇವೆ. ಕಿವಿಗೆ ದಪ್ಪಕ್ಷರವಿಲ್ಲ. ಮೊದಲಿನಿಂದ ಕೇಳುತ್ತಲೇ ಹೋಗಬೇಕು. ಮಧ್ಯೆ ಮಧ್ಯೆ ಪುಟದ ತಲೆಯ ಮೇಲಿನ ಪುಸ್ತಕದ ಹೆಸರು, ಕೆಳಗಿನ ಪುಟಸಂಖ್ಯೆ ವಾಕ್ಯದ ನಡುವೆ ನುಗ್ಗುತ್ತವೆ: ‘ನಿಜಾಮನು ಬ್ರಿಟಿಷರೊಂದಿಗೆ ನೂರಾ ಹದಿನಾಲ್ಕು ಕರ್ನಾಟಕದ ಇತಿಹಾಸ ಒಪ್ಪಂದ ಮಾಡಿಕೊಂಡನು’. ಅರ್ಧ ತಾಸಾಯಿತು. ಯುದ್ಧ ಸಿಗುವ ಮೊದಲು ನಾನು ಶರಣಾದೆ.

ಮದ್ದು ಮಾತ್ರ ಎಷ್ಟು ಚಿಕ್ಕದು ಗೊತ್ತೇ? ವರ್ಡ್‌ನಲ್ಲಿ ಅಧ್ಯಾಯದ ಹೆಸರನ್ನು ಬರೀ ಬೋಲ್ಡ್ ಮಾಡುವ ಬದಲು ‘ಹೆಡಿಂಗ್’ ಎಂಬ ಸ್ಟೈಲ್ ಆರಿಸಬೇಕು. ಆಗ ಎನ್‌ವಿಡಿಎದಲ್ಲಿ ‘ಎಚ್’ ಕೀಲಿ ಒತ್ತುತ್ತ ತಲೆಬರಹದಿಂದ ತಲೆಬರಹಕ್ಕೆ ಜಿಗಿಯಬಹುದು. ಇದೇ ಸೌಕರ್ಯವನ್ನು ಧ್ವನಿ ಪುಸ್ತಕಕ್ಕೂ ಕೊಡಲು ‘ಡೈಸಿ’ ಎಂಬ ಮಾದರಿಯೇ ಇದೆ. ದೇಶಕ್ಕೆಲ್ಲ ಸೇರಿ 2016ರಲ್ಲಿ ಆರಂಭವಾದ ‘ಸುಗಮ್ಯ ಪುಸ್ತಕಾಲಯ’ ಎಂಬ ಆನ್‌ಲೈನ್ ಗ್ರಂಥಾಲಯವೂ ಇದೆ. ಆದರೆ ನಮ್ಮೂರ ಪ್ರಾಧ್ಯಾಪಕರ ಸೆಮಿಸ್ಟರ್ ಗೈಡು, ಮೇಷ್ಟ್ರ ಕೈಬರಹದ ನೋಟ್ಸು ಯಾವ ರಾಷ್ಟ್ರೀಯ ಗ್ರಂಥಾಲಯಕ್ಕೆ ಹೋಗಬೇಕು? ಅವನ್ನು ಮಾಡುವವರು ಇಲ್ಲೇ ಇದ್ದಾರೆ, ಕೆಡಿಸುವವರೂ ಇಲ್ಲೇ.

ನಕಾಶೆ ಒಂದು ಉಳಿದಿತ್ತು. ಎರಡನೇ ಮೈಸೂರು ಯುದ್ಧದ ನಕಾಶೆಯನ್ನು ಮಾತಿನಲ್ಲಿ ಬರೆಯಲು ಒಂದು ಸಂಜೆ ಹೆಣಗಿದೆ. ‘ಎಡಕ್ಕೆ ಸಮುದ್ರ, ಅದರ ಬಲಕ್ಕೆ ಘಟ್ಟ...’ ಎನ್ನುವಷ್ಟರಲ್ಲಿ ನನಗೇ ದಾರಿ ತಪ್ಪಿತು. ಕಾಕಿ ನೋಡುತ್ತಿದ್ದವಳು ಎದ್ದು ಹೋಗಿ ಸೀರೆ ಡಬ್ಬಿಯ ರಟ್ಟು ತಂದಳು. ಉಲ್ಲನ್ ದಾರಕ್ಕೆ ಅಂಟು ಹಚ್ಚಿ ನಾನು ಗೀಚಿದ ಗೆರೆಯ ಮೇಲೆ ಕೂರಿಸಿದಳು. ಕಾವೇರಿಗೆ ತೆಳು ದಾರ, ಘಟ್ಟಕ್ಕೆ ರವೆ, ಊರಿಗೊಂದು ಜೋಳದ ಕಾಳು, ಶ್ರೀರಂಗಪಟ್ಟಣಕ್ಕೆ ಮಾತ್ರ ಕಡಲೆ. ತಮ್ಮ ಬೆರಳಾಡಿಸಿ, ‘ಇಲ್ಲಿಂದ ಮದ್ರಾಸು ಇಷ್ಟ ದೂರ ಐತೇನು?’ ಎಂದು ಎರಡು ಸಲ ಅಳೆದ. ಹೈದರಾಲಿ ಅಷ್ಟು ದೂರ ದಂಡು ಒಯ್ದದ್ದು ಅವನಿಗೆ ಆಗ ತಿಳಿಯಿತಂತೆ. ನನಗೂ ಆಗಲೇ ತಿಳಿದದ್ದು.

ಇದರ ನಡುವೆ ಹಾಸ್ಟೆಲಿನಲ್ಲಿ ಇನ್ನೊಂದಾಯಿತು. ತಮ್ಮನ ರಗಳೆಯಿಂದಾಗಿ ನನ್ನ ನೋಟ್ಸನ್ನೂ ಹೆಡಿಂಗ್ ಹಾಕಿ ನೀಟಾಗಿ ಮಾಡತೊಡಗಿದ್ದೆ. ರೂಮ್‌ಮೇಟ್ ಒಮ್ಮೆ ಮೆಲ್ಲಗೆ ಕೇಳಿದಳು, ‘ಆ ಫೈಲ್ ನನಗೂ ಕೊಡ್ತೀಯೇನೇ?’ ಬೇರೆಯವರ ಕೋಡಿನಲ್ಲಿ ತಪ್ಪು ಎಲ್ಲಿದೆಯೆಂದು ಕ್ಷಣದಲ್ಲಿ ಹೇಳುವ ಹುಡುಗಿ ಅವಳು. ಆದರೆ ಪುಸ್ತಕದ ಒಂದು ಪುಟಕ್ಕೆ ನಾವು ಮೂರು ಪುಟ ಓದುವಷ್ಟು ಹೊತ್ತು. ಸಾಲುಗಳು ಒಂದರೊಳಗೊಂದು ಹೊಕ್ಕ ಹಾಗೆ ಕಾಣುತ್ತವಂತೆ. ಶಾಲೆಯಲ್ಲಿ ಸೋಮಾರಿ ಎಂದು ಏಟು ತಿಂದಿದ್ದಾಳೆ. ಅವಳಿಗಿರುವುದಕ್ಕೆ ಹೆಸರಿಡಲು ನಾನು ಡಾಕ್ಟರಲ್ಲ. ಆದರೆ ಅಚ್ಚಿನ ಓದಿಗೆ ತೊಡಕಾಗುವುದೆಲ್ಲ ಕುರುಡೇ ಅಲ್ಲ ಎಂದು ಆಗ ಗೊತ್ತಾಯಿತು. ಪ್ರಿಂಟ್ ಡಿಸೆಬಿಲಿಟಿ ಎಂಬ ಮಾತಿನಲ್ಲಿ ಡಿಸ್ಲೆಕ್ಸಿಯಾ ಇರುವವರು, ಕೈಯಲ್ಲಿ ಪುಸ್ತಕ ಹಿಡಿಯಲಾಗದವರು, ಪುಟ ಮಗುಚಲಾಗದವರು ಎಲ್ಲರೂ ಸೇರುತ್ತಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸುವ 21 ಬಗೆಗಳಲ್ಲಿ ಕಲಿಕಾ ನ್ಯೂನತೆಯೂ ಒಂದು. ಅವಳೀಗ ಇಯರ್‌ಫೋನ್ ಸಿಕ್ಕಿಸಿಕೊಂಡು, ಕಂಪ್ಯೂಟರ್ ಓದಿ ಹೇಳುತ್ತಿದ್ದಂತೆ ಸಾಲಿನ ಮೇಲೆ ಕಣ್ಣಿಟ್ಟು ಹೋಗುತ್ತಾಳೆ. ಗಣಿತದಲ್ಲಿ ಮಾತ್ರ ನನ್ನ ನೋಟ್ಸು ಕೈಕೊಟ್ಟವು. ಸಮೀಕರಣಗಳನ್ನೆಲ್ಲ ಸ್ಕ್ರೀನ್‌ಶಾಟ್ ತೆಗೆದು ಅಂಟಿಸಿದ್ದೆ. ಅವೂ ‘ಇಮೇಜ್’. ಅವನ್ನು ಟೈಪ್ ಮಾಡುವ ಕೆಲಸ ಇನ್ನೂ ನಡೆದಿದೆ.

ನೀವೂ ನಿಮ್ಮ ಬಳಿ ಇರುವ ಯಾವುದಾದರೂ ಕನ್ನಡ ಪಿಡಿಎಫ್ ತೆರೆದು ಒಂದು ಸಾಲು ಕಾಪಿ ಮಾಡಿ, ವಾಟ್ಸ್‌ಆ್ಯಪ್‌ನಲ್ಲಿ ಪೇಸ್ಟ್ ಮಾಡಿ ನೋಡಿ. ಕನ್ನಡವೇ ಬಂದರೆ ಅದು ಮಾತಾಡುತ್ತದೆ. ವಿಚಿತ್ರ ಚಿಹ್ನೆಗಳು ಬಂದರೆ ಪಿ, ಎ, ಪೌಂಡ್. ಸಾಲನ್ನು ಹಿಡಿಯಲೇ ಆಗದಿದ್ದರೆ ಅದು ಫೋಟೊ. ಯೂನಿಕೋಡ್‌ನಲ್ಲಿ ಬರೆದರೂ ಪಿಡಿಎಫ್ ಆಗುವಾಗ ಒತ್ತಕ್ಷರ ಚೆದುರುವುದುಂಟು. ಹಾಗಾಗಿ ನಾನೀಗ ಪಿಡಿಎಫ್ ಜೊತೆ ವರ್ಡ್ ಫೈಲನ್ನೂ ಕಳಿಸುತ್ತೇನೆ.

ತಮ್ಮನ ಮೊದಲ ಸೆಮಿಸ್ಟರ್ ಮುಗಿಯಿತು. ಇತಿಹಾಸದಲ್ಲಿ ಚೆನ್ನಾಗಿ ಬರೆಸಿದ್ದಾನೆ. ಬೇರೊಂದು ವಿಷಯದ ನೋಟ್ಸನ್ನು ನಾವು ಸಮಯಕ್ಕೆ ಮುಗಿಸಲಾಗಲಿಲ್ಲ, ಅದರಲ್ಲಿ ಅಷ್ಟಕ್ಕಷ್ಟೇ. ಯುಗಾದಿ ರಜೆಯಲ್ಲಿ ಬಿಡುವಾದಾಗ ನನ್ನ ಹಳೆಯ ಸಂಚಿಕೆಯನ್ನು ಅದೇ ಪ್ರೋಗ್ರಾಂಗೆ ಹಾಕಿ ಯೂನಿಕೋಡ್ ಮಾಡಿ, ಹೆಡಿಂಗ್ ಕೊಟ್ಟು ಕಳಿಸಿದೆ. ರಾತ್ರಿ ಹನ್ನೊಂದಕ್ಕೆ ಅವನ ವಾಯ್ಸ್ ಮೆಸೇಜ್ ಬಂತು.

‘ಅಕ್ಕಾ, ಪೂರ್ತಿ ಓದಿದೆ. ಕವನ ಅಷ್ಟೇನ್ ಛಲೋ ಇಲ್ಲ. ಮತ್ತ, ಸಂಪಾದಕೀಯದಾಗ "ಹಾರ್ದಿಕ" ಅನ್ನೂದ್ರಾಗ ದಕ್ಕ ಯಾಕ ಹೊಟ್ಟಿ ಸೀಳೀದಿ? ಅದೂ ಎರಡ ಸಲ.’

ಮೂರು ಜನ ಪ್ರೂಫ್ ನೋಡಿದ್ದ ಪುಟ ಅದು.